ಎಂಟನೆಯ ಸೀರೆ

ನಾನು ಸೀರೆ ಕೊಡಲಿಲ್ಲ. ಕೊಡಲಿಲ್ಲ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ — ಕೇಳಿದವಳ ಕೈಯನ್ನು ನಾನು ಕಚ್ಚಿದೆ. ರೈಲು ಹಳಿ ತಪ್ಪಿ ಮಗುಚಿದ ಆ ಬೆಳಿಗ್ಗೆ, ಸುತ್ತ ಜನ ನರಳುತ್ತಿರುವಾಗ, ಗಜೇಂದ್ರಗಡದ ನೇಕಾರ ಹೆಂಗಸು ನೀಲವ್ವ ಎಂಬ ನಾನು ನನ್ನ ಸೀರೆಗಂಟಿನ ಮೇಲೆ ಕವುಚಿ ಬಿದ್ದಿದ್ದೆ. ರೋಣ, ನರಗುಂದ, ಗಜೇಂದ್ರಗಡದ ಜನ ಹದಿನೆಂಟು ವರ್ಷದಿಂದ ‘ಸೀರೆ ಹರಿದುಕೊಟ್ಟ ತಾಯಿ’ ಎಂದು ಕರೆದದ್ದು ಇಂಥವಳನ್ನು. ವರ್ಷವರ್ಷವೂ ಶಾಲು ಹೊದಿಸಿದರು. ನಾನೂ ಭುಜ ಮುಂದೆ ಮಾಡಿ ಹೊದ್ದುಕೊಂಡೆ.

ಆಗ ತಿಂಗಳಿಗೊಮ್ಮೆ ನಾನು ನೇಯ್ದ ಸೀರೆಗಳನ್ನು ಗಂಟು ಕಟ್ಟಿ, ಮೊದಲ ಬಸ್ಸಿಗೆ ರೋಣಕ್ಕೆ ಬಂದು, ಅಲ್ಲಿಂದ ಟಂಟಂ ರಿಕ್ಷಾ ಹತ್ತಿ ಸ್ಟೇಷನ್ನು ಮುಟ್ಟಿ, ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹುಬ್ಬಳ್ಳಿಯ ಅಂಗಡಿಗೆ ಒಯ್ಯುತ್ತಿದ್ದೆ. ಅದು ದುಡಿಯುವವರ ಗಾಡಿ. ಗೌಂಡಿಗಳು, ಮೊಸರಿನ ಹೆಂಗಸರು, ಸಾಲಿ ಮಾಸ್ತರರು, ಎಲ್ಲರೂ ಅದಕ್ಕೇ. ಆವತ್ತು ನನ್ನ ಎದುರಿಗೆ ರಾಜೂರಿನ ದುರಗವ್ವ ಕುಳಿತಿದ್ದಳು. ಬಾಣಂತಿ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಪಟ್ಟಣದಲ್ಲಿ ಗಾರೆ ಹೊರುವ ಕೆಲಸಕ್ಕೆ ಹೊರಟವಳು. ಮುಂಗೈಯಿಂದ ಮೊಣಕೈತನಕ ಹಚ್ಚೆ. ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ ಇಟ್ಟುಕೊಟ್ಟಳು. ಅವಳ ರೊಟ್ಟಿ ತಿಂದ ಬಾಯಿ ಇದು — ಒಂದು ತಾಸಿನೊಳಗೆ ಅದೇ ಬಾಯಿ...

ಹಳಿ ಏಕೆ ತಪ್ಪಿತೆಂದು ತಿಳಿದವರು ಬಹಳ ದಿನ ವಿಚಾರಣೆ ಮಾಡಿದರು. ನನಗೆ ಗೊತ್ತಿರುವುದು ಇಷ್ಟೇ: ಕುಳಿತಿದ್ದ ಡಬ್ಬಿ ಒಮ್ಮೆ ಮೇಲೆದ್ದಿತು, ಆಮೇಲೆ ನಾನು ಕಡಲೆ ಹೊಲದ ಕರಿಮಣ್ಣಿನಲ್ಲಿದ್ದೆ. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಗಂಟು ಮಡಿಲಲ್ಲೇ ಇತ್ತು. ಎಂಟು ಸೀರೆ — ಒಂದು ಮದುವೆ ಮನೆಗೆ ಒಪ್ಪಿಕೊಂಡವು. ಮಗ್ಗದಿಂದ ಕೊಯ್ದ ಸೀರೆಯನ್ನು ನಾವು ಕಣ್ಣಿಗೊತ್ತಿಕೊಂಡು, ಕುಂಕುಮ ಹಚ್ಚಿ ಮಡಚುತ್ತೇವೆ. ಮೊದಲು ಉಡುವವಳು ಉಡುವತನಕ ಅದಕ್ಕೆ ಕತ್ತರಿ ತಾಗಿಸುವುದಿಲ್ಲ, ನೆಲ ಮುಟ್ಟಿಸುವುದಿಲ್ಲ. ಜೀವ ಹೋಗುವವರ ನಡುವೆ ಕುಳಿತು ನನಗೆ ನೆನಪಾದದ್ದು ಅದು! ಬುದ್ಧಿ ಮಣ್ಣು ತಿಂದಿತ್ತು ಎನ್ನಲೇ? ಬೇಡ, ಬುದ್ಧಿ ಸರಿಯಾಗಿಯೇ ಇತ್ತು.

ದುರಗವ್ವ ತೆವಳುತ್ತ ಬಂದಳು. ಒಂದು ಕೈಯಿಂದ ತನ್ನ ಪಕ್ಕೆ ಒತ್ತಿ ಹಿಡಿದಿದ್ದಳು. ಬಿದ್ದವರ ರಕ್ತ ಕಟ್ಟಬೇಕು, ಬಟ್ಟೆ ಕೊಡು ಎಂದಳು. ಮದುವೆ ಸೀರೆ, ಮುಟ್ಟಬೇಡ ಎಂದೆ. ಅವಳು ಗಂಟಿಗೆ ಕೈ ಹಾಕಿದಳು, ನಾನು ಆ ಹಚ್ಚೆಯ ಮುಂಗೈಯನ್ನು ಹಲ್ಲೂರಿ ಕಚ್ಚಿದೆ. ಅವಳು ಕೈ ಹಿಂದೆ ತೆಗೆಯಲಿಲ್ಲ, ಬೈಯಲಿಲ್ಲ.

“ಬಿಡಬೇ ಯಕ್ಕ,” ಅಂದಳು. “ಸೀರಿ ನೀ ಮತ್ತ ನೇಯ್ತಿ. ಇವರನ್ನ ಯಾರ ನೇಯ್ತಾರ?”

ನನ್ನ ಹಲ್ಲು ಸಡಿಲಾಯಿತು. ಗಂಟು ಅವಳ ಕೈಗೆ ಹೋಯಿತು. ಕೊಟ್ಟದ್ದಲ್ಲ ಅದು, ಹೋದದ್ದು.

ಮುಂದಿನದನ್ನು ನಾನು ಕುಳಿತಲ್ಲೇ ಕುಳಿತು ನೋಡಿದೆ. ಸೀರೆಯಂಚಿನ ದಡಿಯನ್ನು ಹಲ್ಲಿನಿಂದ ಕಡಿದು ಅಡ್ಡಕ್ಕೆ ಎಳೆಯುತ್ತಿದ್ದಳು, ಪರ್ ಎಂದು ಪಟ್ಟಿ ಬರುತ್ತಿತ್ತು. ಒಬ್ಬರ ತೊಡೆ, ಒಬ್ಬರ ತಲೆ, ಒಂದು ಹಸುಗೂಸಿನ ಕಾಲು. ಪಕ್ಕದ ಹೊಲದಲ್ಲಿ ಕಡಲೆ ಕೀಳುತ್ತಿದ್ದ ಸವಡಿಯ ಬಸಣ್ಣ ಟ್ರ್ಯಾಕ್ಟರ್ ತಂದು, ಅವಳು ಕಟ್ಟಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಏರಿಸಿಕೊಂಡು ದವಾಖಾನೆಗೆ ಹೊಡೆದ. ಅವನು ಎರಡನೆಯ ಸಲ ಬರುವುದರೊಳಗೆ ಏಳು ಸೀರೆ ಮುಗಿದಿದ್ದವು. ಎಂಟನೆಯದನ್ನು ಎದೆಗವಚಿಕೊಂಡು ದುರಗವ್ವ ಹಳಿಯ ಏರಿಗೆ ಒರಗಿದ್ದಳು. ಒಳಗೇ ರಕ್ತ ಹರಿದು ಸತ್ತುಹೋಗಿದ್ದಳು.

ನನ್ನ ಸುಳ್ಳು ಹುಟ್ಟಿದ್ದು ಒಂದು ತಿಂಗಳ ಮೇಲೆ. ಗಾಯ ಮಾಯ್ದವರು ಪಟ್ಟಿಗಳನ್ನು ತೊಳೆದು ಇಟ್ಟುಕೊಂಡಿದ್ದರು. ನಮ್ಮ ಕಡೆ ಸೀರೆ ನೋಡಿದರೆ ಸಾಕು, ಯಾರ ಮನೆಯ ಮಗ್ಗದ್ದೆಂದು ಹೇಳುವವರಿದ್ದಾರೆ. ದಡಿಯ ಒಳಗೆ ಎರಡು ಅರಿಶಿನದ ಎಳೆ ಓಡಿಸುವುದು ನಮ್ಮತ್ತೆಯ ಕಾಲದಿಂದ ನಮ್ಮ ಮನೆಯ ಗುರುತು. ಪಟ್ಟಿಯಲ್ಲಿ ಆ ಎಳೆ ಕಂಡವರೆಲ್ಲ ನನ್ನ ಬಾಗಿಲಿಗೆ ಬಂದರು. ನೋವಿನಲ್ಲಿ ಕಟ್ಟಿದವಳ ಮುಖ ಅವರಾರೂ ಗುರುತಿಟ್ಟಿರಲಿಲ್ಲ, ಬಸಣ್ಣನೂ ಗಾಯವಾದವರನ್ನಷ್ಟೇ ನೋಡಿದ್ದ. ನೇಯ್ದವಳೇ ಕೊಟ್ಟವಳೆಂದು ಅವರ ಲೆಕ್ಕ. ಹಸುಗೂಸಿನ ತಾಯಿ ನನ್ನ ಕಾಲು ಹಿಡಿದಳು. ಅಲ್ಲವ್ವ, ನಾನಲ್ಲ — ಎಂಬ ಮಾತು ಗಂಟಲಿಗೆ ಬಂತು. ಅಷ್ಟು ಹೊತ್ತಿಗೆ ನೆರೆಯವರು ಚಹಾ ತಂದರು. ಒಂದು ಚಹಾ ಕುಡಿಯುವಷ್ಟು ಹೊತ್ತು ಸುಮ್ಮನಿದ್ದೆ, ಅಲ್ಲಿಂದ ಹದಿನೆಂಟು ವರ್ಷ ಸುಮ್ಮನಿದ್ದೆ.

ಮತ್ತು ದುರಗವ್ವ? ಅವಳ ಎದೆಯ ಮೇಲೆ ಹೊಸ ಸೀರೆ, ಮುಂಗೈ ಮೇಲೆ ಹಲ್ಲಿನ ಗುರುತು. ಜನ ಎರಡನ್ನೂ ಕೂಡಿಸಿದರು. ಬಿದ್ದವರ ಗಂಟಿಗೆ ಕೈ ಹಾಕಿದ್ದಳು, ಯಾರೋ ಕಚ್ಚಿದ್ದಾರೆ ಎಂದರು. ಆಡುವವರ ಬಾಯಿಗೆ ಅಗುಳಿ ಇಲ್ಲ. ಆದರೆ ನನ್ನ ಬಾಯಿಗೆ ಅಗುಳಿ ಹಾಕಿಕೊಂಡದ್ದು ನಾನೇ.

ಬಸಣ್ಣ ಹಳಿ ಪಕ್ಕದಲ್ಲಿ ಸತ್ತವರ ಹೆಸರಿನ ಕಲ್ಲು ನಿಲ್ಲಿಸಿ, ಬೇವಿನ ಸಸಿ ಹಚ್ಚಿದ. ಕಡಲೆ ಕೀಳುವ ಕಾಲಕ್ಕೆ ಎಲ್ಲರೂ ಅಲ್ಲಿ ಸೇರುತ್ತೇವೆ. ಸತ್ತವರಿಗೆ ಬೆಳಿಗ್ಗೆಯೇ ಅತ್ತು ಮುಗಿಸಬೇಕು, ಗಾಡಿ ಬರುವ ಹೊತ್ತಿಗೆ ಉಳಿದವರ ಸಂಭ್ರಮ ಎಂದು ಅವನ ಕಟ್ಟಳೆ. ಮನೆಮನೆಯವರು ತಮ್ಮ ಪಟ್ಟಿ ತಂದು ತುದಿಗೆ ತುದಿ ಗಂಟು ಹಾಕುತ್ತಾರೆ. ಏಳು ಸೀರೆ ಮತ್ತೆ ಕೂಡಿ ಹಳಿಯುದ್ದಕ್ಕೂ ನಿಲ್ಲುತ್ತವೆ. ಮೊದಲ ತುದಿ ನನ್ನ ಕೈಯಲ್ಲಿರುತ್ತಿತ್ತು. ಆವತ್ತಿನ ಹಸುಗೂಸು ಈಗ ದೊಡ್ಡವಳಾಗಿ ನರ್ಸಿಂಗ್ ಓದುತ್ತಿದ್ದಾಳೆ, ನನ್ನ ಪಕ್ಕಕ್ಕೇ ಬಂದು ನಿಲ್ಲುತ್ತಿದ್ದಳು. ದುರಗವ್ವನ ಮಗಳು ಗಂಗವ್ವ ಮಾತ್ರ ಒಂದು ವರ್ಷವೂ ಬರಲಿಲ್ಲ. ಹೇಗೆ ಬಂದಾಳು?

ಈ ವರ್ಷ ಅವಳು ನನ್ನ ಮನೆಗೇ ಬಂದಳು. ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದೆ. ಚೀಲದಿಂದ ಒಂದು ಸೀರೆ ತೆಗೆದು ಮಗ್ಗದ ಹಾಸಿನ ಮೇಲಿಟ್ಟಳು. ಎರಡು ಅರಿಶಿನದ ಎಳೆ. ಮಡಿಕೆ ಬಿಚ್ಚಿರಲಿಲ್ಲ, ನಾನು ಹಚ್ಚಿದ ಕುಂಕುಮ ಕಂದು ಬಣ್ಣಕ್ಕೆ ತಿರುಗಿತ್ತು.

“ದವಾಖಾನಿಯವರು ಅವ್ವನ ಸಾಮಾನಿನ ಕೂಡ ಕೊಟ್ಟಿದ್ರಿ ದೊಡ್ಡವ್ವ. ನನ್ನ ಮಗಳ ಮದುವಿ ಐತಿ. ಕದ್ದ ಸೀರಿ ಟ್ರಂಕಿನ್ಯಾಗ ಇಟ್ಕೊಂಡು ಅಕ್ಕಿಕಾಳು ಹಾಕೂದು ಬ್ಯಾಡ ಅನಿಸ್ತು. ನಿಮ್ದು ನೀವು ತಗೋರಿ.”

ಕದ್ದ ಸೀರೆ. ತಾಯಿಯನ್ನು ಕಳ್ಳಿ ಎಂದು ಒಪ್ಪಿಕೊಂಡುಬಿಟ್ಟಿದ್ದಳು ಆ ಮಗಳು. ಕುಣಿಯಲ್ಲಿ ಕುಳಿತಲ್ಲೇ ಎಲ್ಲ ಹೇಳಿದೆ. ರೊಟ್ಟಿ, ಗಂಟು, ಹಲ್ಲು, ಆ ಮಾತು, ಚಹಾ. ಗಂಗವ್ವ ಅಳಲಿಲ್ಲ. ಲಾಳಿಯನ್ನು ಕೈಗೆತ್ತಿಕೊಂಡು ತಿರುಗಿಸಿದಳು.

“ನನಗ ಹೇಳಿದ್ರ ಏನಾತ್ರಿ,” ಅಂದಳು. “ನನಗ ಯಾರೂ ಕಳ್ಳಿ ಅಂದಿಲ್ಲ. ಅಂದವರ ಮುಂದ ಹೇಳ್ರಿ.”

ಸೀರೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದಳು.

ಹಳಿಯ ಹತ್ತಿರ ಎಲ್ಲರೂ ಸೇರುವ ದಿನ ಬಸಣ್ಣ ಶಾಲು ಹಿಡಿದು ಬಂದಾಗ ನಾನು ಅವನ ಕೈ ತಡೆದೆ. ಮೈಕು ಬೇಡ ಎಂದೆ. ಕಚ್ಚಿದ್ದನ್ನೇ ಮೊದಲು ಹೇಳಿದೆ, ಇಲ್ಲದಿದ್ದರೆ ಅದನ್ನು ನುಂಗಿಬಿಡುತ್ತಿದ್ದೆ. ಆಮೇಲೆ ಉಳಿದದ್ದನ್ನೆಲ್ಲ ಹೇಳಿ ಮುಗಿಸಿದೆ. ಹಸುಗೂಸಿನ ತಾಯಿ ನನ್ನನ್ನು ನೋಡಿದ ನೋಟ ಸಾಯುವತನಕ ನನ್ನ ಜೊತೆಗಿರುತ್ತದೆ, ಇರಲಿ.

ಆಗ ನರಗುಂದದ ಮಾಸ್ತರರು ಮುಂದೆ ಬಂದರು. ಕುಂಟುತ್ತಾದರೂ ಒಂದು ವರ್ಷವೂ ತಪ್ಪಿಸದವರು. “ನನ್ನ ತೊಡಿ ಕಟ್ಟಿದ ಕೈ ಮ್ಯಾಲೆ ಹಚ್ಚಿ ಇತ್ತು,” ಎಂದರು. “ನೀಲವ್ವಗ ಹಚ್ಚಿ ಇಲ್ಲ. ಪ್ರತಿವರ್ಷ ನೋಡ್ತಿದ್ದೆ. ಎಚ್ಚರ ಇರಲಿಲ್ಲ, ಕನಸು ಕಂಡಿರಬೇಕು ಅಂತ ಸುಮ್ನಿದ್ದೆ.”

ಅಷ್ಟರಲ್ಲಿ ಜನ ಬದಿಗೆ ಸರಿದು ದಾರಿ ಬಿಟ್ಟರು. ಗಂಗವ್ವ ಬರುತ್ತಿದ್ದಳು. ಎಂಟನೆಯ ಸೀರೆ ಉಟ್ಟಿದ್ದಳು! ಹದಿನೆಂಟು ವರ್ಷದ ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು. ಅವಳು ಯಾರನ್ನೂ ನೋಡದೆ ನೆಟ್ಟಗೆ ಕಲ್ಲಿನ ಹತ್ತಿರ ಹೋಗಿ ತಾಯಿಯ ಹೆಸರಿನ ಮೇಲೆ ಕೈಯಿಟ್ಟಳು. ಬಸಣ್ಣ ನನ್ನ ಕೈಯಿಂದ ಪಟ್ಟಿಯ ತುದಿ ತೆಗೆದುಕೊಂಡು ಹೋಗಿ ಅವಳ ಮುಂದೆ ಹಿಡಿದ. ಅವಳು ಅದನ್ನು ತನ್ನ ಸೆರಗಿಗೆ ಗಂಟು ಹಾಕಿದಳು. ಎಂಟೂ ಸೀರೆ ಕೂಡಿದವು.

ಗಾಡಿ ಬಂತು. ಡ್ರೈವರ್ ಎಂದಿನಂತೆ ಸಿಳ್ಳು ಹೊಡೆದ. ಹಳಿಯುದ್ದಕ್ಕೂ ನಿಂತವರು ಪಟ್ಟಿ ಎತ್ತಿ ಹಿಡಿದರು. “ದುರಗವ್ವ!” ಎಂದು ಮಾಸ್ತರರು ಕೂಗಿದರು. ಆಮೇಲೆ ನರ್ಸಿಂಗ್ ಹುಡುಗಿ, ಆಮೇಲೆ ಎಲ್ಲರೂ. ಹಿಂದೆ ಆ ಹೆಸರಿಗೆ ಮೂಗು ಮುರಿದವರೂ ಗಂಟಲು ಬಿರಿಯುವ ಹಾಗೆ ಕೂಗಿದರು. ಅಂಥ ಗೆಲುವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನನ್ನ ಎದೆ ಹಿಗ್ಗಿತು, ಹಿಗ್ಗಲು ನನಗೆ ಹಕ್ಕಿಲ್ಲದಿದ್ದರೂ ಹಿಗ್ಗಿತು.

ಊಟದ ಹೊತ್ತಿಗೆ ಗಂಗವ್ವ ನನ್ನ ಹತ್ತಿರ ಬಂದಳು. “ನನ್ನ ಸಿಟ್ಟು ಇಳದಿಲ್ರಿ,” ಎಂದಳು. ಇಳಿಯಬೇಕಾಗಿಲ್ಲ ಎಂದೆ. ಅವಳು ಮದುವೆಗೆ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಆ ಮದುವೆಗೆ ಈಗ ನನ್ನ ಮಗ್ಗದ ಮೇಲೆ ಒಂದು ಸೀರೆ ಇದೆ. ಮುಗಿದ ಮೇಲೆ ಕಳಿಸುತ್ತೇನೆ, ಅವಳು ತಿರುಗಿ ಕಳಿಸಿದರೆ ಸುಮ್ಮನೆ ಇಟ್ಟುಕೊಳ್ಳುತ್ತೇನೆ. ಬರುವ ವರ್ಷವೂ ಹಳಿಯ ಹತ್ತಿರ ಹೋಗುತ್ತೇನೆ. ಗಾಯವಾಗದ ನನಗೆ ಕಟ್ಟಲು ಪಟ್ಟಿಯಿಲ್ಲ, ಸಾಲಿನ ಕೊನೆಗೆ ಬರಿಗೈಯಲ್ಲಿ ನಿಲ್ಲುತ್ತೇನೆ. ಹೊಸಬರು ಯಾರಾದರೂ ದಡಿಯ ಅರಿಶಿನದ ಎಳೆ ನೋಡಿ ಇವು ಯಾರ ಸೀರೆ ಎಂದು ಕೇಳಿದರೆ ನನ್ನ ಬಾಯಿಂದಲೇ ಹೇಳುತ್ತೇನೆ: ನೇಯ್ದವಳು ನಾನು, ಕೊಟ್ಟವಳು ದುರಗವ್ವ.