ಫೋನಿನಲ್ಲಿ ಕೂತ ಸೋದರಮಾವ

ಹೊಸಪೇಟೆಗೆ ಬಂದ ಮೊದಲ ದಿನವೇ ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ನನ್ನ ಕಂಕುಳಲ್ಲಿದ್ದ ಮಗಳನ್ನು ಕಿತ್ತುಕೊಂಡು ಹೋದರು. ಚಿತ್ತವಾಡ್ಗಿಯ ಬಾಡಿಗೆ ಮನೆಯ ಮುಂದೆ ಸಾಮಾನಿನ ಲಾರಿ ನಿಂತಿತ್ತು. ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಮಿಕ್ಸಿ ಹಿಡಿದು, ಬಿಸಿಲಿಗೆ ಕಣ್ಣು ಬಿಡಲಾಗದೆ ನಿಂತಿದ್ದೆ. "ಕೊಡ್ರಿ ಇತ್ಲಾಗ ಆ ಕೂಸು. ಹಸದೈತಿ, ನಿಮಗ ಕಾಣವಲ್ತೇನು?" ಎಂದವರೇ ಎತ್ತಿಕೊಂಡು ನಡೆದೇಬಿಟ್ಟರು. ಒಳಗಿದ್ದ ನನ್ನ ಹೆಂಡತಿ ರೂಪ ಓಡಿಬಂದು, "ಯಾರ್ರೀ ಅವ್ರು? ಮಗೂನ ಯಾಕ್ರೀ ಕೊಟ್ರಿ?" ಎಂದು ಕಿರುಚಿದಳು. ನಾನು ಮಿಕ್ಸಿ ಹಿಡಿದುಕೊಂಡೇ ಹಿಂದೆ ಓಡಿದೆ. ಎರಡು ಮನೆ ಆಚೆ, ಕಟ್ಟೆಯ ಮೇಲೆ ಕೂತು ಮಗಳು ಮೊಸರನ್ನ ತಿನ್ನುತ್ತಿದ್ದಳು. ಆ ಹೆಂಗಸು ನನ್ನ ಕೈಯಲ್ಲಿದ್ದ ಮಿಕ್ಸಿ ನೋಡಿ ಬಿದ್ದೂ ಬಿದ್ದೂ ನಕ್ಕರು.

ಅವರ ಹೆಸರು ಹುಲಿಗೆಮ್ಮ. ಗಂಡ ಪಂಪಾಪತಿ ಆಟೋ ಓಡಿಸುತ್ತಾರೆ. ಆ ದಿನ ನನಗೆ ಕೃತಜ್ಞತೆಯೇನೂ ಹುಟ್ಟಲಿಲ್ಲ. ಮೈಯೆಲ್ಲ ಉರಿಯಿತು. ನಂಜನಗೂಡಿನ ನಮ್ಮ ಬೀದಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ದೊಡ್ಡ ಜಗಳವೇ ಆಗುತ್ತಿತ್ತು. ನಮ್ಮ ಕಡೆ ಪಕ್ಕದ ಮನೆಯವರು ಮಗುವನ್ನು ಮುದ್ದಿಸುವುದಕ್ಕೂ ಒಂದು ನೋಟ ನಮ್ಮತ್ತ ಹಾಯಿಸಿ ಒಪ್ಪಿಗೆ ಕೇಳುತ್ತಾರೆ.

ನಾನು ಇಲ್ಲಿಗೆ ಬಂದದ್ದು ಅಕ್ಕಿಯ ಕೆಲಸಕ್ಕೆ. ಕಂಪ್ಲಿ ಸುತ್ತಮುತ್ತಲ ರೈಸ್ ಮಿಲ್ಲುಗಳಲ್ಲಿ ಕಪ್ಪು ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯಲ್ಲಿ ಊದಿ ತೆಗೆಯುವ ಯಂತ್ರಗಳಿವೆ. ಅವು ಕೆಟ್ಟರೆ ರಿಪೇರಿ ನನ್ನದು. ಮೊದಲು ಕುರೆಕುಪ್ಪದಲ್ಲಿ ಮನೆ ನೋಡಿದ್ದೆ. ಗೋಡೆಯ ಮಾಡದ ಮೇಲೆ ಬೆರಳಿಟ್ಟರೆ ಗಣಿಯ ಕೆಂಪು ಧೂಳು ಮೆತ್ತಿಕೊಂಡಿತು. ಇಲ್ಲಿ ಮಗುವಿನ ಬಿಳಿ ಬಟ್ಟೆ ಒಣಹಾಕುವುದು ಹೇಗೆಂದು ರೂಪ ಮೂಗು ಮುರಿದಳು, ನಾವು ಚಿತ್ತವಾಡ್ಗಿಗೆ ಬಂದೆವು. ಇಲ್ಲಿ ಧೂಳು ಕಡಿಮೆ, ಜನ ಜಾಸ್ತಿ. ಬಾಗಿಲು ಹಾಕಿಕೊಂಡರೆ "ಮೈಯಾಗ ಹುಷಾರಿಲ್ಲೇನು?" ಎಂದು ತಟ್ಟುತ್ತಾರೆ. ಬಾಗಿಲು ತೆರೆದಿಟ್ಟರೆ ಒಳಗೇ ಬರುತ್ತಾರೆ. ಬಂದವರು ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು, "ಇದೇನ್ರೀ, ಸಾರಿಗೆ ಬೆಲ್ಲ ಹಾಕೀರಿ?" ಎಂದು ಮುಖ ಕಿವುಚುತ್ತಾರೆ.

ನಮ್ಮಲ್ಲಿ ಒಗ್ಗರಣೆ ಎಂದರೆ ಸಾಸಿವೆ ಸಿಡಿಸುವುದು. ಇಲ್ಲಿ ಒಗ್ಗರಣಿ ಎಂದರೆ ನೆನೆಸಿದ ಮಂಡಕ್ಕಿಯ ತಿಂಡಿ. ಬೆಳಿಗ್ಗೆ ಹಲ್ಲುಜ್ಜಿದ ಬಾಯಿಗೆ ಅದರ ಜೊತೆ ಎಣ್ಣೆ ಇಳಿಯುವ ಮಿರ್ಚಿ. ಮೊದಮೊದಲು ನಾನು ತಟ್ಟೆಯನ್ನು ಆಚೆ ತಳ್ಳುತ್ತಿದ್ದೆ. ಈಗ ವಾರಕ್ಕೊಮ್ಮೆ ನಾನೇ ಕಟ್ಟಿಸಿಕೊಂಡು ಬರುತ್ತೇನೆ. ಅದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ತಿಳಿಯದು. ಮಿಲ್ಲಿನ ಹಮಾಲರ ಜೊತೆ ಅವರ ಮಾತಲ್ಲೇ ಚೌಕಾಸಿ ಮಾಡಿ ಬೈಸಿಕೊಳ್ಳದೆ ಹೊರಬಂದ ದಿನ ಮಾತ್ರ ನಿಜಕ್ಕೂ ಬೀಗಿದ್ದೆ.

ಈ ಊರಿನ ಮೇಲೆ ನನಗಿದ್ದ ಅಸಹ್ಯ ಹೀಗೆ ಮೆಲ್ಲಗೆ ಕಡಿಮೆಯಾಯಿತು. ಅಷ್ಟೇ ಮೆಲ್ಲಗೆ ಇನ್ನೊಂದು ಕಡೆ ಬೆಳೆಯಿತು. ನಂಜನಗೂಡು, ಮೈಸೂರಿನ ನನ್ನ ಬಂಧುಗಳೇ, ನೀವು ಓದುತ್ತೀರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅದು ನಿಮ್ಮ ಹೆಬ್ಬೆರಳುಗಳ ಮೇಲಿನ ಅಸಹ್ಯ.

ಮಗ ತೇಜು ಹುಟ್ಟಿದ್ದು ಇಲ್ಲೇ. ಅವನ ಮೊದಲ ನಗು, ಮೊದಲ ಹಲ್ಲು, ಗೋಡೆ ಹಿಡಿದು ಇಟ್ಟ ಮೊದಲ ಹೆಜ್ಜೆ ಎಲ್ಲವನ್ನೂ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಮಗಳು ಸಿಂಚನ ಶಾಲೆಯಲ್ಲಿ ಕನ್ನಡ ಪದ್ಯ ಹೇಳಿ ಬಹುಮಾನ ತಂದದ್ದನ್ನೂ ಹಾಕಿದೆ. ಅಪ್ಪನಾದವನಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು? ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ಸಂದೇಶ, ಆಮೇಲೆ ಹೆಬ್ಬೆರಳು, ಹೂಗುಚ್ಛ, ಕುಣಿಯುವ ಕರಡಿ. ಸಿಂಚನಳಿಗೆ ಜ್ವರ ಬಂದು ಡ್ರಿಪ್ಸ್ ಹಾಕಿದ ಫೋಟೊ ಕಳಿಸಿದಾಗಲೂ ಯಾರೋ ಚಪ್ಪಾಳೆಯ ಚಿತ್ರ ಹಾಕಿದರು. ಬಹುಶಃ ಫೋಟೊ ನೋಡಿರಲಿಕ್ಕಿಲ್ಲ, ಬೆರಳು ಮಾತ್ರ ಆಡಿರಬೇಕು. ಆ ಕುಣಿಯುವ ಕರಡಿಯನ್ನು ಕಂಡರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ಮೈಸೂರಿನಿಂದ ಹೊಸಪೇಟೆಗೆ ನೇರ ರೈಲಿದೆ. ಸಂಜೆ ಹತ್ತಿ ಮಲಗಿದರೆ ಬೆಳಿಗ್ಗೆ ಇಳಿಯಬಹುದು. ಆದರೂ ತೇಜುವಿಗೆ ಎರಡು ತುಂಬಿದರೂ ಅವನನ್ನು ನೋಡಲು ನಿಮ್ಮಲ್ಲಿ ಒಬ್ಬರೂ ಬಂದಿರಲಿಲ್ಲ. ರೂಪಳಿಗೊಬ್ಬನೇ ತಮ್ಮ, ಮಧು. ಮೈಸೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ದಿನವೂ ವಿಡಿಯೊ ಕಾಲ್ ಮಾಡುತ್ತಾನೆ. ಒಳ್ಳೆಯ ಹುಡುಗ, ಅದನ್ನು ಇಲ್ಲವೆನ್ನಲಾರೆ. ಅವನ ಗೌರಿ ಹಬ್ಬದ ಬಾಗಿನ ಕೂಡ ದುಡ್ಡಾಗಿ ಫೋನಿನಲ್ಲೇ ಬಂತು, ಟಿಂಗ್ ಎಂಬ ಸದ್ದಿನ ಜೊತೆಗೆ. ರೂಪ ಆ ದಿನ ಬಾಗಿನದ ಮೊರವನ್ನು ತಾನೇ ಕೊಂಡುತಂದು ತಾನೇ ತುಂಬಿಸಿಕೊಂಡಳು. ನಾನು ಏನಾದರೂ ಅಂದರೆ, "ಎಲ್ಲಾ ಫೋಟೊನೂ ನೀವೇ ಕಳ್ಸಿದ್ರೆ ಅವರ್ ಯಾಕ್ರೀ ಬರ್ಬೇಕು?" ಎಂದು ನನ್ನ ಮೇಲೇ ತಿರುಗಿಬೀಳುತ್ತಿದ್ದಳು.

ತೇಜುವಿಗೆ ಮೂರು ತುಂಬುವುದರೊಳಗೆ ಮುಡಿ ತೆಗೆಸಬೇಕಿತ್ತು. ಮಗುವಿನ ಹುಟ್ಟುಕೂದಲು ತೆಗೆಸುವ ಆ ಶಾಸ್ತ್ರಕ್ಕೆ ಇಲ್ಲಿ ಜವಳ ಎನ್ನುತ್ತಾರೆ. ಹೆಸರು ಬೇರೆಯಾದರೂ ಕಟ್ಟಲೆ ಒಂದೇ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಎಳೆಯನ್ನು ಅವನೇ ಕತ್ತರಿಸಬೇಕು. ಅಲ್ಲಿಂದ ಮುಂದೆ ಮಗುವಿನ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಆ ಮಾವ ಹೊಣೆ. ನಂಜನಗೂಡಿಗೆ ಹೋಗೋಣವೆಂದರೆ ಸುಗ್ಗಿಯ ಕಾಲ, ಮಿಲ್ಲುಗಳು ಹಗಲೂ ರಾತ್ರಿ ಓಡುತ್ತಿದ್ದವು, ನನಗೆ ರಜೆಯಿಲ್ಲ. ಹಂಪಿಯ ಹೊಳೆ ದಂಡೆಯಲ್ಲೇ ಮಾಡಿಸೋಣ, ಮಧು ಬರುತ್ತಾನೆ ಎಂದಳು ರೂಪ. ಮಧು ಕೂಡ ಬರುತ್ತೇನೆಂದ. ಅವನಿಗೆಂದು ಅವಳು ಜರಿಯಂಚಿನ ಶಲ್ಯ ತಂದಿಟ್ಟಳು. ಮಂಚದ ಮೇಲೆ ಹೊಸ ಹಾಸಿಗೆ ಹಾಸಿದಳು.

ಹಿಂದಿನ ದಿನ ಮಧ್ಯಾಹ್ನ ಅವನ ಫೋನು ಬಂತು. "ಭಾವ, ಅಂಗಡಿ ಹುಡುಗ ಕೈ ಕೊಟ್ಬುಟ್ಟ. ಬೇಜಾರ್ ಮಾಡ್ಕೋಬೇಡಿ, ಲೈವ್‌ನಲ್ಲಿ ಇರ್ತೀನಿ. ಅಮ್ಮನೂ ಇರ್ತಾರೆ." ರೂಪ ಹಾಸಿದ್ದ ಹಾಸಿಗೆಯನ್ನು ಸುತ್ತಿಟ್ಟಳು.

ಪಂಪಾಪತಿಯವರ ಆಟೋದಲ್ಲೇ ಹಂಪಿಗೆ ಹೋದೆವು. ಹುಲಿಗೆಮ್ಮ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಹೊಳೆ ದಂಡೆಯ ಅವಸ್ಥೆ ಏನು ಹೇಳಲಿ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಯೊಂದು ಮಂಟಪದ ಕಲ್ಲುಕಂಬ ತಬ್ಬಿಕೊಂಡು ನಿಂತಿತ್ತು. ತಲೆಯ ಮೇಲೆ ಡ್ರೋನ್ ಜುಂಯ್ ಎನ್ನುತ್ತಿತ್ತು. ಹೊಗೆಯ ಡಬ್ಬಿಯಿಂದ ನೀಲಿ ಹೊಗೆ ಬಿಟ್ಟು, ಅದು ನೀರು ತುಂಬುತ್ತಿದ್ದ ಮುದುಕಿಯ ಮುಖಕ್ಕೆ ಹೊಡೆದು ಆಕೆ ಕೆಮ್ಮುತ್ತಿದ್ದರೆ, "ಅಜ್ಜಿ, ಫ್ರೇಮಿಂದ ಹೊರಗೆ ಹೋಗಿ" ಎಂದು ಫೋಟೊದವರು ಕೂಗುತ್ತಿದ್ದರು. ಥೂ ಎಂದು ಉಗಿದೆ. ಆಮೇಲೆ ನನ್ನ ಜೇಬಿನಿಂದಲೂ ಫೋನು ತೆಗೆದೆ.

ಪರದೆಯ ಮೇಲೆ ಒಂದು ಕಿಟಕಿಯಲ್ಲಿ ನನ್ನ ಅತ್ತೆ, ಇನ್ನೊಂದರಲ್ಲಿ ಅಂಗಡಿಯ ಕೌಂಟರಿನ ಹಿಂದೆ ಮಧು. ಕ್ಷೌರಿಕರು ಕತ್ತಿಗೆ ಹೊಸ ಬ್ಲೇಡು ಹಾಕುತ್ತ, "ಮಾವ ಯಾರ್ರೀ? ಕುಂದ್ರಾಕ ಹೇಳ್ರಿ" ಎಂದರು.

"ಭಾವ, ಒಂದ್ ಕೆಲಸ ಮಾಡಿ. ಫೋನನ್ನ ಮಣೆ ಮೇಲೆ ಇಡಿ. ನಾನೇ ಕೂತಂಗೆ ಅಂದ್ಕೊಳಿ. ತೇಜೂನ ಮುಂದೆ ಕೂರ್ಸಿ" ಎಂದ ಮಧು.

ನಾನು ಗದರಲು ಹೊರಟೆ. ಅಷ್ಟರಲ್ಲಿ ರೂಪ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಮಣೆಯ ಮೇಲೆ ತೆಂಗಿನಕಾಯಿಗೆ ಒರಗಿಸಿಟ್ಟಳು. ಅದರ ಮುಂದೆ ಎಲೆ ಅಡಿಕೆ ಇಟ್ಟಳು. ಜರಿಯಂಚಿನ ಆ ಶಲ್ಯವನ್ನು ಮಡಿಸಿ ಫೋನಿನ ಸುತ್ತ ಹೊದಿಸಿದಳು. ಯಾವುದೋ ಹೆಣಕ್ಕೆ ಶೃಂಗಾರ ಮಾಡಿದಂತೆ ಕಂಡು ನನಗೆ ಹೇಸಿಗೆಯಾಯಿತು. ಅವಳ ಮುಖ ನೋಡಿ ಹಿಂದೆ ಸರಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ತಮ್ಮನ ಜಾಗವನ್ನು ಉಳಿಸುತ್ತಿದ್ದಳು.

ಮಣೆಯ ಮುಂದೆ ಕೂರಿಸಿದ ತೇಜು ಫೋನು ಕಂಡದ್ದೇ ಕಾರ್ಟೂನು ಬೇಕೆಂದು ಹಾರಿದ. ಕ್ಷೌರಿಕರು ಕತ್ತಿಯನ್ನು ಹಿಂದಕ್ಕೆಳೆದರು. ನಾನು ತಲೆ ಹಿಡಿದೆ, ಹುಲಿಗೆಮ್ಮ ಕೈ ಹಿಡಿದರು. ಅವನು ಅತ್ತು, ಒದ್ದು, ಮತ್ತೆ ಹೊರಳಿದ. ಬ್ಲೇಡು ಅವನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

"ಏ, ನಿಲ್ಲಸ್ರಿ!" ಎಂದರು ಪಂಪಾಪತಿ. "ಕೂಸಿಗೆ ತೊಡಿ ಬೇಕ್ರಿ, ಫೋನಿನ್ಯಾಗ ಕಾಣೋ ಮಾರಿ ಅಲ್ಲ. ಕಿವಿ ಹರದ್ರ ಯಾರು ಜವಾಬು? ತಂಗೆವ್ವ, ನಾ ಕುಂದ್ರಲೇನು?"

"ಬೇಡಣ್ಣ. ನನ್ನ ತಮ್ಮ ಇದ್ದಾನೆ" ಎಂದಳು ರೂಪ, ಫೋನಿನ ಕಡೆ ಕೈ ತೋರಿಸಿ. "ಮಧು, ಅವನನ್ನ ಕರೆಯೋ. ನಿನ್ನ ಮಾತು ಕೇಳ್ತಾನೆ. ಕರೆಯೋ."

ಪರದೆಯಲ್ಲಿ ಮಧು ಇರಲಿಲ್ಲ. ತಿರುಗುವ ಫ್ಯಾನು ಕಾಣುತ್ತಿತ್ತು. ಅವನ ದನಿ ಮಾತ್ರ ಕೇಳಿಸಿತು. "ಸಾರ್, ಗ್ಲಾಸ್ ಈಗ್ಲೇ ಹಾಕ್ಕೊಡ್ತೀನಿ. ಐದೇ ನಿಮಿಷ. ಮನೇದೊಂದ್ ಚಿಕ್ಕ ಫಂಕ್ಷನ್, ಬೇಗ ಮುಗಿಯುತ್ತೆ."

ರೂಪ ಆ ಫ್ಯಾನನ್ನು ನೋಡಿದಳು. ಆಮೇಲೆ ಫೋನಿನಿಂದ ಶಲ್ಯ ಬಿಚ್ಚಿ, ಕೊಡವಿ, ಪಂಪಾಪತಿಯವರ ಹೆಗಲಿಗೆ ಹಾಕಿದಳು. "ಕೂತ್ಕೊಳಿ ಅಣ್ಣ" ಎಂದಳು. ಪಂಪಾಪತಿ ಹೊಳೆಗಿಳಿದು ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಮಣೆಯ ಮೇಲೆ ಕೂತರು. ತೇಜುವನ್ನು ತೊಡೆಗಳ ನಡುವೆ ಇಟ್ಟುಕೊಂಡು, "ಏನಲೇ ಅಳಿಯಾ, ಮಾವನ ತೊಡಿ ಮ್ಯಾಲೆ ಕುಂತು ಅಳ್ತಿ?" ಎಂದರು. ಅವನು ದಿನವೂ ಆ ಆಟೋದಲ್ಲಿ ಅವರ ತೊಡೆಯ ಮೇಲೆ ಕೂತು ಹಾರನ್ ಹೊಡೆಯುವವನು. ಬಿಕ್ಕುತ್ತಲೇ ಸುಮ್ಮನಾದ. ಮೊದಲ ಎಳೆಯನ್ನು ಪಂಪಾಪತಿಯವರೇ ಕತ್ತರಿಸಿದರು.

ಫೋನು ನನ್ನ ಕೈಗೆ ಬಂದಿತ್ತು. ಅತ್ತೆ ಕೇಳಿದರು, "ಯಾರಪ್ಪಾ ಅದು, ನಮ್ಮ ಕೂಸನ್ನ ತೊಡೆ ಮೇಲೆ ಕೂರಿಸ್ಕೊಂಡಿರೋದು?"

"ಸೋದರಮಾವ" ಎಂದೆ. ಆ ಮಾತು ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಂಜೆಯ ಹೊತ್ತಿಗೆ ಮಧು ಗುಂಪಿನಿಂದ ಹೊರಗೆ ಹೋಗಿದ್ದ. ಉಳಿದವರು ತೇಜುವಿನ ಬೋಳುತಲೆಯ ಫೋಟೊಗೆ ಕರಡಿ ಕುಣಿಸಿದರು.

ಪಂಪಾಪತಿ ಆ ಶಲ್ಯವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಇಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಾಗರಪಂಚಮಿಗೆ. ಹಬ್ಬ ಹತ್ತಿರವಾದಾಗ ಅವರೇ ಸೀರೆ, ಬಳೆ ತಂದು, ಪದ್ಧತಿಯಂತೆ ನನ್ನೆದುರು ಕೂತು, "ತಂಗೀನ ಕರಿಯಾಕ ಬಂದೀನ್ರಿ" ಎಂದರು. ಎರಡು ಮನೆ ಆಚೆಗೆ ಕರೆದೊಯ್ಯಲು ಇಷ್ಟೆಲ್ಲ ಯಾಕೆಂದು ನಕ್ಕೆ. ರೂಪ ನಗಲಿಲ್ಲ. ಚೀಲಕ್ಕೆ ಬಟ್ಟೆ ತುಂಬಿಕೊಂಡು, ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು.

ಮಧು ಬಂದದ್ದು ಹಬ್ಬದ ದಿನವೇ. ಹೇಳದೆ ಕೇಳದೆ ರೈಲು ಹತ್ತಿ ಬಂದಿದ್ದ. ಕೈಯಲ್ಲಿ ಅಕ್ಕನಿಗೆ ಸೀರೆ, ತೇಜುವಿಗೆ ಬೆಳ್ಳಿಯ ಉಡುದಾರ. ಕೆನ್ನೆ ಇಳಿದುಹೋಗಿತ್ತು. "ಅಕ್ಕ ಎಲ್ಲಿ ಭಾವ?" ಎಂದ. ನಾನು ಅವನನ್ನು ಪಂಪಾಪತಿಯವರ ಮನೆಗೆ ಕರೆದುಕೊಂಡು ಹೋದೆ.

ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಪಂಪಾಪತಿ ಎದ್ದು ಬಂದು, "ಬರ್ರಿ, ಕುಂದ್ರಿ. ಭಾಳ ದೂರದಿಂದ ಬಂದೀರಿ. ಹಬ್ಬ ಮುಗೀಲಿ, ತಂಗೀನ ಕಳಿಸಿ ಕೊಡ್ತೀವಿ" ಎಂದು ನಮ್ಮಿಬ್ಬರಿಗೂ ಚಾಪೆ ಹಾಸಿದರು. ಮರ್ಯಾದೆಯಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ. ರೂಪ ಶೇಂಗಾ ಉಂಡಿಯ ತಟ್ಟೆ ತಂದು ತಮ್ಮನ ಮುಂದಿಟ್ಟಳು.

"ನನ್ನ ಜಾಗ ಬೇರೆಯವರಿಗೆ ಕೊಟ್ಬುಟ್ಯಲ್ಲಕ್ಕ" ಎಂದ ಅವನು, ತಲೆಯೆತ್ತದೆ.

"ಖಾಲಿ ಇತ್ತು ಕಣೋ" ಎಂದಳು. ಅವನ ತಲೆ ಸವರಿ ಒಳಗೆ ಹೋದಳು. ಅತ್ತಿರಬೇಕು, ಹೊರಗೆ ಬಂದಾಗ ಕಣ್ಣುಗಳು ಕೆಂಪಾಗಿದ್ದವು. ಆದರೂ ನಮ್ಮ ಜೊತೆ ಮನೆಗೆ ಬರಲಿಲ್ಲ.

ರಾತ್ರಿಯ ಅಡುಗೆ ನಾನೇ ಮಾಡಿದೆ. ಬೆಲ್ಲ ಹಾಕಿದ ನಮ್ಮೂರಿನ ಸಾರು. ನಾವಿಬ್ಬರೇ ಗಂಡಸರು ನೆಲದ ಮೇಲೆ ಎದುರುಬದುರು ಕೂತು ಉಂಡೆವು. ಅವನ ಫೋನು ಜೇಬಿನಲ್ಲಿ ಎರಡು ಸಲ ಸದ್ದು ಮಾಡಿತು, ಅವನು ತೆಗೆಯಲಿಲ್ಲ. ಕೊನೆಗೆ, "ಭಾವ, ಸಾಕು ಈ ಊರು. ಮೈಸೂರಿಗೆ ವಾಪಸ್ ಬಂದ್ಬುಡಿ. ಮನೆ ನಾನ್ ನೋಡ್ತೀನಿ" ಎಂದ. ನನಗೂ ಅದೇ ಬೇಕಿತ್ತು. ವರ್ಷಗಟ್ಟಲೆ ಆ ಮಾತನ್ನು ಯಾರಾದರೂ ಹೇಳಲಿ ಎಂದು ಕಾದಿದ್ದೆ.

"ಬರಬಹುದಪ್ಪ" ಎಂದೆ, ಅನ್ನ ಕಲಸುತ್ತ. "ಆದ್ರೆ ರೂಪಾನ ಅಷ್ಟು ದೂರ ಕಳಿಸೋಕೆ ಅವಳ ತವರಿನವರು ಒಪ್ಪಬೇಕಲ್ಲ."

ಹೇಳಿ ಮುಗಿದ ಮೇಲೆ ಅವನ ಮುಖ ನೋಡಿದೆ.