‘ಕಳಿಸಿಯಾಯಿತು’ ಎಂಬ ಸಾಲು

ತಮಿಳುನಾಡಿನ ಶಂಕಗಿರಿಯ ಒಂದು ಲಾರಿ ಆಫೀಸಿನಲ್ಲಿ ಗಂಗಾಲಕ್ಷ್ಮಿಯ ಮಾತೆಂದರೆ ಮಾತು. ನಂಗವಳ್ಳಿಯವಳು, ಸರ್ವರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯನ್ನು ಮೊಬೈಲ್ ನೋಡಿಯೇ ಕಲಿತವಳು. ಲಾರಿ ನಂಬರು, ಡ್ರೈವರ್ ಹೆಸರು, ಲೋಡು ತುಂಬಿ ಗುಂಡಿ ಒತ್ತಿದರೆ ಅವಳ ಪ್ರೋಗ್ರಾಂ ಅಷ್ಟನ್ನೂ ಲೋಡು ಇಳಿಸಿಕೊಳ್ಳುವ ಕಂಪನಿಯ ಸರ್ವರಿಗೆ ಕಳಿಸುತ್ತಿತ್ತು. ಅಲ್ಲಿ ದಾಖಲಾಗದೆ ಕಂಪನಿಯ ಗೇಟು ತೆರೆಯುವುದಿಲ್ಲ. ಅದೇ ಆಫೀಸಿನ ಡ್ರೈವರು ಅವಳಪ್ಪ ಮುನಿವೆಂಕಟಪ್ಪ. ಪರದೆಯ ಮೇಲೆ ‘ಕಳಿಸಿಯಾಯಿತು’ ಎಂದು ಬಂತೆಂದು ಮಗಳು ಹೇಳಿದರೆ ಸಾಕು, ಕೀಲಿ ತಿರುಗಿಸುತ್ತಿದ್ದ.

ಆ ಸಾಲನ್ನು ಪ್ರೋಗ್ರಾಮಿನಲ್ಲಿ ಎಲ್ಲಿ ಬರೆದಿದ್ದಳು ನೋಡಿ ಸ್ವಾಮಿ! ಕಳಿಸುವ ಸಾಲಿನ ಬೆನ್ನಿಗೇ. ಸರ್ವರು ಏನು ಉತ್ತರ ಕೊಟ್ಟಿತೆಂದು ಒಮ್ಮೆಯೂ ಕೇಳಿದವಳಲ್ಲ. ಎರಡು ವರ್ಷ ಏನೂ ಆಗಲಿಲ್ಲ, ಅದೇ ಮೈಮರೆಸಿತು.

ಆಮೇಲೊಂದು ದಿನ ಓನರು, ಪ್ರೋಗ್ರಾಮಿನಿಂದ ಅಚ್ಚಾಗುವ ಲೋಡಿನ ಚೀಟಿ ಡ್ರೈವರುಗಳಿಗೆ ಓದಲು ಬರಬೇಕು, ಹೆಸರು ತಮಿಳಿನಲ್ಲೇ ಹಾಕು ಎಂದರು. ಹಾಕಿದಳು. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು, ತಮಿಳಿನದಕ್ಕೆ ಮೂರು ಬೇಕು. ಇವಳ ಪ್ರೋಗ್ರಾಂ ಬೈಟ್ ಎಣಿಸದೆ ಅಕ್ಷರ ಎಣಿಸಿ, ಮಾಹಿತಿ ಇಷ್ಟೇ ಉದ್ದ ಎಂದು ಸರ್ವರಿಗೆ ಹೇಳಿಬಿಟ್ಟಿತು. ಸರ್ವರು ಅಷ್ಟನ್ನೇ ಓದಿ, ಬಾಲ ತುಂಡಾದ ಮಾಹಿತಿಯನ್ನು ತಳ್ಳಿಹಾಕಿತು. ಪರದೆ ಮಾತ್ರ ‘ಕಳಿಸಿಯಾಯಿತು’ ಎಂದಿತು. ಆ ವಾರ ಆ ಕಂಪನಿಗೆ ಹೊರಟಿದ್ದು ಅಪ್ಪನ ಟೊಮೇಟೊ ಲಾರಿ ಒಂದೇ.

ಗೇಟಿನವರು ದಾಖಲೆಯಿಲ್ಲ ಎಂದರು. ನನ್ನ ಮಗಳು ಕಳಿಸಿದ್ದಾಳೆ, ನೀವೇ ಸರಿಯಾಗಿ ನೋಡಿ ಎಂದು ಮುನಿವೆಂಕಟಪ್ಪ ಜಗಳಕ್ಕೇ ನಿಂತ. ಫೋನು ಮಾಡಿದರೆ ಆಫೀಸಿನಲ್ಲಿ ಅವಳ ಮರ್ಯಾದೆ ಹೋದೀತೆಂದು ಮಾಡಲಿಲ್ಲ. ಎರಡು ದಿನ ಬಿಸಿಲಲ್ಲಿ ಕಾದ. ಟೊಮೇಟೊ ಕೊಳೆತು ಲಾರಿಯಿಂದ ನೀರಿಳಿಯಿತು. ವಾಪಸು ಬಂದಾಗ, ಯಾಕೆ ತಿಳಿಸಲಿಲ್ಲ ಎಂದು ಓನರು ಲಾರಿಯ ಕೀಲಿ ಕಿತ್ತುಕೊಂಡರು.

ಗಂಗಾಲಕ್ಷ್ಮಿ ಅಂದೇ ತಪ್ಪು ಹುಡುಕಿದಳು. ತಪ್ಪು ನನ್ನದು ಎಂದು ಅಪ್ಪನ ಮುಂದೆ ಅತ್ತಳು.

“ನೀ ಸುಮ್ಕಿರವ್ವ. ನಂಗೆ ವಯಸ್ಸಾಯ್ತು, ಪರವಾಯಿಲ್ಲೆ. ನಿನ್ ಕೆಲ್ಸ ಓಗ್ಬಾರ್ದು,” ಎಂದ ಅಪ್ಪ.

ಸುಮ್ಮನಿರಲು ಅವಳಿಂದಾಗಲಿಲ್ಲ. ಮರುದಿನ ಓನರಿಗೆ ಎಲ್ಲ ಹೇಳಿ, ಬೈಸಿಕೊಂಡು, ಅಪ್ಪನಿಗೆ ಕೀಲಿ ವಾಪಸು ಕೊಡಿಸಿದಳು. ಪ್ರೋಗ್ರಾಮನ್ನೂ ತಿದ್ದಿದಳು. ಈಗ ಅದು ಬೈಟ್ ಎಣಿಸುತ್ತದೆ, ಸಿಕ್ಕಿತು ಎಂದು ಸರ್ವರು ಉತ್ತರ ಕೊಡುವವರೆಗೆ ಬಾಯಿ ಬಿಡುವುದಿಲ್ಲ.

ಮೊನ್ನೆ ಮತ್ತೆ ಅದೇ ಕಂಪನಿಗೆ ಲೋಡು. ಕಳಿಸಿಯಾಯಿತಪ್ಪ ಎಂದು ಅವಳು ಕಿಟಕಿಯಿಂದಲೇ ಕೂಗಿ ಹೇಳಿದಳು. ಮುನಿವೆಂಕಟಪ್ಪ ಕೀಲಿ ತಿರುಗಿಸಲಿಲ್ಲ. ಲಾರಿಯಿಂದ ಇಳಿದು ಕಿಟಕಿಯ ಹತ್ತಿರ ಬಂದ.

“ಅವ್ರು ಸಿಕ್ತು ಅಂದ್ರಾ?”

ಅಂದರು ಎಂದಳು. ಅಪ್ಪ ಕನ್ನಡಕ ಹಾಕಿಕೊಂಡು, ಬಗ್ಗಿ, ತಾನೇ ಪರದೆ ನೋಡಿದ.