ಲಂಗೋಟಿಗೆ ತಕ್ಕ ಬಟ್ಟೆ

ಬಟ್ಟೆ ಅಂಗಡಿಯಲ್ಲಿ ನನ್ನನ್ನು ಒಬ್ಬಳನ್ನೇ ಬಿಡಬಾರದೆಂದು ನನ್ನ ಮಗಳು ಹೇಳುತ್ತಾಳೆ. ಅವಳ ಮಾತಿನಲ್ಲಿ ಸತ್ಯವಿದೆ. ಯಾವ ಬಟ್ಟೆ ಬಿಚ್ಚಿ ತೋರಿಸಿದರೂ ನಾನು ಮೊದಲು ಅದನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ, ಆಮೇಲೆ ಬೆರಳುಗಳ ನಡುವೆ ಉಜ್ಜುತ್ತೇನೆ, ಕೊನೆಗೆ ‘ಇದು ನೀರು ಹೀರುತ್ತದೆಯೇ?’ ಎಂದು ಕೇಳುತ್ತೇನೆ. ಮದುವೆಯ ರೇಷ್ಮೆ ಸೀರೆಗೂ ನನ್ನದು ಇದೇ ಪರೀಕ್ಷೆ. ಒಮ್ಮೆ ಅಂಗಡಿಯವನೊಬ್ಬ ತಾಳ್ಮೆಗೆಟ್ಟು, ‘ಅಮ್ಮಾ, ಇದು ಉಡೋದಕ್ಕೆ, ನೆಲ ಒರೆಸೋದಕ್ಕಲ್ಲ’ ಎಂದುಬಿಟ್ಟ. ನನ್ನ ಮನಸ್ಸಿನಲ್ಲಿದ್ದದ್ದು ನೆಲವಲ್ಲ ಎಂದು ಅವನಿಗೆ ಹೇಗೆ ಹೇಳಲಿ?

ನನಗೆ ಈ ಚಟ ಹತ್ತಿಸಿದ್ದು ಲಂಗೋಟಿ. ಪೈಲ್ವಾನರದಲ್ಲ, ಹಸುಗೂಸಿನದು. ಯೋಚಿಸಿದರೆ ಇಷ್ಟು ದೊಡ್ಡ ಉಪಕಾರ ಮಾಡಿ ಇಷ್ಟು ಕಡಿಮೆ ಗೌರವ ಪಡೆದ ಉಡುಪು ಲೋಕದಲ್ಲಿ ಇನ್ನೊಂದಿಲ್ಲ. ಪೇಟ ಸುತ್ತಿ ಪಟ ತೆಗೆಸಿಕೊಂಡವರುಂಟು, ಶಾಲು ಹೊದೆಸಿಕೊಂಡು ಭಾಷಣ ಬಿಗಿದವರುಂಟು. ಅವರೆಲ್ಲರೂ ಮೊದಲು ಉಟ್ಟದ್ದು ಯಾರದೋ ಹಳೆಯ ಸೀರೆಯ ಚೂರನ್ನು. ಆ ಚೂರನ್ನು ಹರಿದು, ಒಗೆದು, ಒಣಗಿಸಿ ಮಡಿಸಿಟ್ಟ ಕೈಯ ಹೆಸರನ್ನು ಯಾವ ಸನ್ಮಾನಪತ್ರದಲ್ಲೂ ಬರೆಯುವುದಿಲ್ಲ.

ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಅದೇ ಒಂದು ರಾಜ್ಯ, ಮಡಿಕೇರಿಯಲ್ಲಿ ಅದರದೇ ಸರಕಾರ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಇಡೀ ರಾಜ್ಯವನ್ನು ದಾಟಿಬಿಡಬಹುದಿತ್ತು. ಮಳೆಗಾಲದಲ್ಲಿ ಒಂದು ಲಂಗೋಟಿ ಒಣಗಲು ಮಾತ್ರ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕಿತ್ತು. ನನ್ನ ಯಜಮಾನರು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಹಾಜರಿ ಕೂಗುವುದು, ಕಾಫಿಹಣ್ಣಿನ ಪಿಕ್ಕಿಂಗ್ ನೋಡುವುದು, ತೋಟದ ಬಿಳಿ ದೊರೆಗೆ ಸಲಾಮು ಹೊಡೆಯುವುದು ಅವರ ಕೆಲಸ. ಕೂಲಿಯವರ ಸಾಲುಮನೆಗಳಾದ ಲೈನುಗಳಿಂದ ಸ್ವಲ್ಪ ಮೇಲಕ್ಕೆ ನಮಗೊಂದು ಹೆಂಚಿನ ಮನೆ ಕೊಟ್ಟಿದ್ದರು.

ನಾನು ಚೊಚ್ಚಲ ಬಸುರಿ. ಮಡಿಕೇರಿಯಲ್ಲಿ ಹೊಲಿಗೆ ಕಲಿತವಳೆಂಬ ಜಂಭ ಬೇರೆ. ಹುಟ್ಟದ ಕೂಸಿಗೆ ಬಟ್ಟೆ ಹೊಲಿಯಬಾರದು ಎಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಆದರೂ ದೊರೆಯ ಬಂಗಲೆಯ ಹಗ್ಗದ ಮೇಲೆ ಮುಕ್ಕೋನದ ಅಚ್ಚುಕಟ್ಟಾದ ಬಟ್ಟೆಗಳು ಸಾಲಾಗಿ ತೂಗುವುದನ್ನು ನೋಡಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ದಿಂಬಿನ ಚೀಲ ಹೊಲಿಯುತ್ತಿದ್ದೇನೆಂದು ಮನೆಯಲ್ಲಿ ಸುಳ್ಳು ಹೇಳಿದೆ. ಯಜಮಾನರು ಒಂದನ್ನು ಎತ್ತಿ ತಿರುಗಿಸಿ ನೋಡಿ, ‘ದಿಂಬು ಯಾವಾಗಿನಿಂದ ಮೂರು ಮೂಲೆಯದಾಯಿತು?’ ಎಂದರು. ರೈಟರ ಕಣ್ಣು ತಪ್ಪಿಸುವುದು ಕಷ್ಟ.

ಬಟ್ಟೆಯ ಆಯ್ಕೆಯೇ ಒಂದು ದೊಡ್ಡ ವಿದ್ಯೆ. ಸಿದ್ದಾಪುರದ ಸಂತೆಬೀದಿಯಲ್ಲಿ ಅಂಗಡಿ ಇಟ್ಟಿದ್ದ ಮಲಯಾಳಿ ಕಾಕ ನನ್ನ ಮುಂದೆ ಥಾನುಗಳನ್ನು ಹರವಿ, ‘ಫ್ಲಾನಲ್ ತಕ್ಕೊಳ್ಳಿ ಅಮ್ಮ, ಫಸ್ಟ್ ಕ್ಲಾಸ್ ಉಂಟು. ದೊರೆಸಾನಿ ಕೂಡ ಇದೇ ತಕ್ಕೊಳ್ಳೋದು’ ಎಂದ. ದೊರೆಸಾನಿಯ ಹೆಸರು ಹೇಳಿದ ಮೇಲೆ ನಾನು ಸೋಲದೆ ಇರುತ್ತೇನೆಯೇ? ಫ್ಲಾನಲ್ ತಂದೆ, ಪಾಪ್ಲಿನ್ ತಂದೆ, ತೆಳ್ಳನೆಯ ಮಲ್ಲುಬಟ್ಟೆ ತಂದೆ. ಒಂದೊಂದರ ಸ್ವಭಾವವೂ ಒಂದೊಂದು ಬಗೆಯ ನೆಂಟರ ಹಾಗೆ. ಫ್ಲಾನಲ್ ಬೆಚ್ಚಗೆ ಅಪ್ಪಿಕೊಳ್ಳುತ್ತದೆ, ಆದರೆ ಒಮ್ಮೆ ನೆನೆಯಿತೆಂದರೆ ವಾರವಾದರೂ ಹಸಿ ಬಿಡುವುದಿಲ್ಲ. ಪಾಪ್ಲಿನ್ ನೋಟಕ್ಕೆ ಠಾಕುಠೀಕು, ಕಷ್ಟ ಬಂದಾಗ ಎಲ್ಲವನ್ನೂ ಪಕ್ಕಕ್ಕೆ ಹರಿಯಬಿಟ್ಟು ತಾನು ಒಣಗಿ ನಿಲ್ಲುತ್ತದೆ. ಮಲ್ಲು ಮೃದು, ಆದರೆ ಯಾವುದನ್ನೂ ತನ್ನಲ್ಲಿ ಇಟ್ಟುಕೊಳ್ಳಲಾರದು. ಅಂಚು ಮಡಚಿ, ಎರಡು ಪದರ ಕೊಟ್ಟು, ಮೂಲೆಗೆ ಲಾಡಿ ಇಟ್ಟು ನಾನು ಹೊಲಿದ ಆ ಕಲಾಕೃತಿಗಳ ಬಗ್ಗೆ ನನ್ನ ಮಗಳು ಹುಟ್ಟಿದ ದಿನವೇ ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿದಳು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು. ನನಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆ ಅತ್ತೆಯೇ ಬಂದರು. ಹಾಸನದ ಕಡೆಯಿಂದ ಬಂದು, ಆಗ ಎಲ್ಲರೂ ಫ್ರೇಜರ್‌ಪೇಟೆ ಎನ್ನುತ್ತಿದ್ದ ಕುಶಾಲನಗರದ ಬಳಿ ಹೊಲ ಮಾಡಿಕೊಂಡು ನೆಲೆಸಿದ ಮನೆತನ ಅವರದು. ಬರುವಾಗ ರಾಗಿಹಿಟ್ಟು, ಹರಳೆಣ್ಣೆ, ತಮ್ಮ ಹೊಲದ ಒಣಮೆಣಸಿನಕಾಯಿಯ ಮೂಟೆ, ಇವುಗಳ ಜೊತೆಗೆ ತಮ್ಮ ನಾದಿನಿಯನ್ನೂ ಕರೆತಂದರು. ಮಾವನವರ ತಂಗಿ, ನಾವು ಪುಟ್ಟತ್ತೆ ಎನ್ನುತ್ತಿದ್ದೆವು. ಪುಟ್ಟತ್ತೆಗೆ ಎಳವೆಯಲ್ಲೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಅಣ್ಣನ ಮನೆಯಲ್ಲಿ ಬಿಳಿಸೀರೆ ಉಟ್ಟುಕೊಂಡು ಎಲ್ಲರ ಮಕ್ಕಳ ಬಟ್ಟೆ ಒಗೆದೇ ಅವರ ತಲೆ ನರೆತಿತ್ತು. ಒಗೆಯುತ್ತಿದ್ದರು ಅಷ್ಟೆ, ಹಸುಗೂಸನ್ನು ಮಡಿಲಿಗೆ ಹಾಕಿಕೊಳ್ಳುತ್ತಿರಲಿಲ್ಲ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಕೊಡಲಿಲ್ಲ, ಅವರು ಕೇಳಲಿಲ್ಲ.

ಮಳೆಗಾಲದ ನಡುವೆ ಮಗು ಹುಟ್ಟಿ ಕೆಲವೇ ದಿನಕ್ಕೆ ಅದರ ತೊಡೆಸಂದಿ ಕೆಂಡದಂತೆ ಕೆಂಪಾಯಿತು. ಲಂಗೋಟಿ ಕಟ್ಟಿದರೆ ಸಾಕು, ಕಿಟಾರನೆ ಕಿರುಚಿಕೊಳ್ಳುವುದು. ಅತ್ತೆ ನನ್ನ ಫ್ಲಾನಲನ್ನು ಮೂಲೆಗೆಸೆದು, ‘ಹೊಸ ಬಟ್ಟೆ ಕಣವ್ವ, ಮುಳ್ಳಿದ್ದಂಗೆ. ಎಳೆ ಮೈ ತಡೀತದಾ?’ ಎಂದರು. ನನ್ನ ಹೊಲಿಗೆಯ ಜಂಭ ಅಂದೇ ಇಳಿಯಿತು. ಯಜಮಾನರ ಹಳೆಯ ಪಂಚೆ ಹರಿದೆವು, ಅದಕ್ಕೂ ಅಳು. ನನ್ನ ವಾಯಿಲ್ ಸೀರೆ ಹರಿದೆವು, ಅದಕ್ಕೂ ಅಳು. ಎಸ್ಟೇಟಿನ ಕಂಪೌಂಡರು ಕೊಟ್ಟ ಬಿಳಿ ಮುಲಾಮು ಹಚ್ಚಿದೆವು. ಮನೆಯಲ್ಲಿ ಯಾರ ಮೈಮೇಲಿನ ಬಟ್ಟೆ ಹಳತಾಗಿ ಕಂಡರೂ ನಾನು ಕತ್ತರಿಯ ಕಣ್ಣಿನಿಂದ ನೋಡುತ್ತಿದ್ದೆ. ಯಜಮಾನರು ಪಾಪ, ಆ ದಿನಗಳಲ್ಲಿ ಅಡಿಗೆಮನೆಗೆ ಕಾಲಿಟ್ಟರೆ ಸೀನುತ್ತ, ಶೀತವಾಗಿದೆಯೆಂದು ಕಷಾಯ ಕುಡಿಯುತ್ತಿದ್ದರು.

ಇಡೀ ಮನೆಯಲ್ಲಿ ಎಲ್ಲಕ್ಕಿಂತ ನಯವಾದ ಬಟ್ಟೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಅದು ಪುಟ್ಟತ್ತೆಯ ಬಿಳಿಸೀರೆ. ಬಟ್ಟೆಗೂ ಒಂದು ವಯಸ್ಸಾಗಬೇಕು ನೋಡಿ. ಮಗ್ಗದಿಂದ ಇಳಿದ ಬಟ್ಟೆಗೆ ತನ್ನದೇ ಬಿಗುಮಾನವಿರುತ್ತದೆ. ಎಷ್ಟೋ ಒಗೆತ, ಎಷ್ಟೋ ಬಿಸಿಲು, ಒಬ್ಬರ ಮೈಯ ಬೆವರು, ದುಡಿತ ಎಲ್ಲ ತಗುಲಿದ ಮೇಲೆ ಅದು ಹದಕ್ಕೆ ಬರುತ್ತದೆ. ಪುಟ್ಟತ್ತೆಯ ಸೀರೆ ಮುಟ್ಟಿದರೆ ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ನಾನೇ ನಾಚಿಕೆ ಬಿಟ್ಟು ಕೇಳಿದೆ.

ಪುಟ್ಟತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ‘ಬ್ಯಾಡ ಕಣವ್ವ. ನಂದು ಕೂಸಿಗೆ ಸೋಕಬಾರದು. ನಾಳೆ ಏನಾದ್ರೂ ಆದ್ರೆ ನಾನು ತಡ್ಕಳಾಕಿಲ್ಲ’ ಎಂದರು. ಅತ್ತೆ ನೆಲ ನೋಡುತ್ತ ಕೂತಿದ್ದರು. ಒಳಗೆ ಮಗು ಅತ್ತು ಅತ್ತು ದನಿ ಬಿದ್ದು ಹೋಗಿತ್ತು. ಕೊನೆಗೆ ಅತ್ತೆಯೇ, ‘ಕೊಡು ಪುಟ್ಟವ್ವ. ನೋಡಾಕಾಗ್ತಾ ಇಲ್ಲ’ ಎಂದರು. ಪುಟ್ಟತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು ತಾವೇ ಹರಿದರು, ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹರವಿದರು. ಹರಿಯುವಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮೊದಲು ಎಂದೂ ಕಂಡಿರಲಿಲ್ಲ.

ಮರುದಿನ ಅದನ್ನು ಕಟ್ಟಿದೆವು. ಮಗು ಹಿಂದೆಂದಿಗಿಂತ ಹೆಚ್ಚಾಗಿ ಕಿರುಚಿತು.

ಅತ್ತೆ ಕೆಟ್ಟವರಲ್ಲ. ತಮ್ಮ ಎರಡು ಎಳೆಗೂಸುಗಳನ್ನು ಮಣ್ಣಿಗೆ ಕೊಟ್ಟವರು, ಅವರ ಹೆದರಿಕೆ ಹೆದರಿಕೆಯಂತೆ ಕಾಣದೆ ಸಿಟ್ಟಿನಂತೆ ಕಾಣುತ್ತಿತ್ತು ಅಷ್ಟೆ. ‘ನಾನೇ ತಪ್ಪು ಮಾಡ್ದೆ, ಸೋಕಿಸಬಾರದಿತ್ತು’ ಎಂದು ಹಣೆ ಚಚ್ಚಿಕೊಂಡರು. ಆಮೇಲೆ ಮುಖ ತಿರುಗಿಸಿಕೊಂಡೇ, ‘ಪುಟ್ಟವ್ವ, ನೀನು ನಾಳೆ ಬಸ್ಸಿಗೆ ಊರಿಗೆ ಹೊಂಟುಬುಡು’ ಎಂದರು. ಪುಟ್ಟತ್ತೆ ಪೆಟ್ಟಿಗೆ ಕಟ್ಟಿಟ್ಟರು. ಈ ಮನೆಯಿಂದ ಹಾಗೆ ಹೋದವರು ಇನ್ನು ಯಾವ ಮನೆಯ ತೊಟ್ಟಿಲ ಹತ್ತಿರಕ್ಕೂ ಬರಲಾರರು ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಬೆಳಗಾಯಿತು. ಪುಟ್ಟತ್ತೆ ಜಗುಲಿಯಲ್ಲಿ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ನಾನು ಅಡಿಗೆಮನೆಯಲ್ಲಿ ಒಲೆಯ ಮೇಲಿನ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದೆ. ಅವರದೇ ಸೀರೆಯ ತುಂಡು ಕೈಗೆ ಬಂತು. ಅಳು ಒತ್ತರಿಸಿಕೊಂಡು ಬಂದು, ಆ ತುಂಡಿನಿಂದಲೇ ಕಣ್ಣು ಒರೆಸಿಕೊಂಡೆ.

ಒರೆಸಿಕೊಂಡೆನೋ ಇಲ್ಲವೋ, ‘ಅಯ್ಯಯ್ಯೋ ಕಣ್ಣು!’ ಎಂದು ಕೂಗಿಕೊಂಡು ಕುಣಿದಾಡಿದೆ. ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ಅತ್ತೆ ಓಡಿಬಂದು ನೀರು ಎರಚಿದರು. ನಾನು ಒಂದು ಕಣ್ಣಿನಲ್ಲಿ ಮೇಲೆ ನೋಡಿದೆ. ಹಗ್ಗದ ಮೇಲೆ ಬಿದಿರಿನ ಅಟ್ಟ. ಅಟ್ಟದ ತುಂಬ, ಮಳೆಯ ತೇವಕ್ಕೆ ಬೂಸಲು ಹಿಡಿಯದಿರಲೆಂದು ಅತ್ತೆ ಹರವಿದ್ದ ಅವರ ಹೊಲದ ಮೆಣಸಿನಕಾಯಿ. ದಿನಾ ಬೆಳಿಗ್ಗೆ ಸ್ಟೂಲು ಹತ್ತಿ ಅದನ್ನು ಅವರು ಚೆನ್ನಾಗಿ ಕೈಯಾಡಿಸಿ ತಿರುವುತ್ತಿದ್ದರು. ಅವರ ಊರಿನಲ್ಲಿ ಮೆಣಸಿನಕಾಯಿ ಕಣದಲ್ಲಿ ಒಣಗುತ್ತದೆ, ಕೂಸಿನ ಬಟ್ಟೆ ಬೇಲಿಯ ಮೇಲೆ ಒಣಗುತ್ತದೆ. ಒಂದು ಇನ್ನೊಂದರ ಮುಖ ನೋಡುವ ಪ್ರಸಂಗವೇ ಇಲ್ಲ. ಇಲ್ಲಿ ಮಳೆಗೆ ಎರಡಕ್ಕೂ ಗತಿ ಅದೊಂದೇ ಒಲೆಯ ಹೊಗೆ. ಬಿದಿರಿನ ಸಂದಿಯಿಂದ ಘಾಟು ಪುಡಿ ಫ್ಲಾನಲ್ಲಿಗೂ ಪಂಚೆಗೂ ಸೀರೆಗೂ ಸಮನಾಗಿ ಉದುರಿತ್ತು.

ಅತ್ತೆ ಆ ತುಂಡನ್ನು ನನ್ನ ಕೈಯಿಂದ ಕಿತ್ತುಕೊಂಡು ನಾಲಿಗೆಗೆ ಮುಟ್ಟಿಸಿದರು. ಅವರ ಕಣ್ಣಿನಲ್ಲೂ ನೀರು ಬಂತು. ಅದು ಮೆಣಸಿನಕಾಯಿಯದೋ ಬೇರೆಯದೋ ನಾನು ಕೇಳಲಿಲ್ಲ. ನನಗೆ ನಗು ಬರುತ್ತಿತ್ತು, ಅಳು ಬರುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು ಉರಿಯುತ್ತಿತ್ತು.

ಅತ್ತೆ ತಪ್ಪಾಯಿತೆಂದು ಹೇಳುವ ಪೈಕಿ ಅಲ್ಲ. ಬಿಸಿನೀರು ಕಾಸಿ ಮಗುವನ್ನು ತೊಳೆದು, ಕೊಬ್ಬರಿ ಎಣ್ಣೆ ಸವರಿದರು. ಕಟ್ಟೋಣವೆಂದರೆ ಮನೆಯಲ್ಲಿ ಘಾಟಿಲ್ಲದ ಒಂದು ಲಂಗೋಟಿಯೂ ಇರಲಿಲ್ಲ. ಬೆತ್ತಲೆ ಕೂಸನ್ನು ಎತ್ತಿಕೊಂಡು ನೆಟ್ಟಗೆ ಜಗುಲಿಗೆ ಹೋದರು. ಪುಟ್ಟತ್ತೆಯ ಮಡಿಲಲ್ಲಿ ಮಲಗಿಸಿಬಿಟ್ಟರು.

ಪುಟ್ಟತ್ತೆ ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯನ್ನು ಮೇಲಕ್ಕೆ ಹಿಡಿದುಕೊಂಡೇ ಕೂತರು. ಮಗಳು ಅವರ ಮುಖವನ್ನೊಮ್ಮೆ ನೋಡಿದಳು, ಕಾಲು ಒದರಿದಳು, ಆಮೇಲೆ ನಿರಾಳವಾಗಿ ತನ್ನ ಕೆಲಸ ಮುಗಿಸಿದಳು. ಬಿಳಿಸೀರೆಯ ಮಡಿಲು ಪೂರಾ ತೊಯ್ದುಹೋಯಿತು.

‘ಅಯ್ಯೋ, ಉಟ್ಟ ಸೀರೆನೇ ಒದ್ದೆ ಮಾಡ್ಬುಟ್ಟಳಲ್ಲ, ಕೊಡಿಲ್ಲಿ’ ಎಂದು ನಾನು ಓಡಿದೆ.

‘ತಡಿ ತಡಿ’ ಎಂದರು ಪುಟ್ಟತ್ತೆ. ಅವರ ಕೈಗಳು ಆಗ ಕೆಳಗಿಳಿದು ಮಗುವಿನ ಸುತ್ತ ಬಂದಿದ್ದವು. ‘ಈಗ ತಾನೆ ಕಣ್ಣು ಮುಚ್ತಾ ಅವಳೆ.’

ಕೆಳಗೆ ರಸ್ತೆಯ ತಿರುವಿನಲ್ಲಿ ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು, ಸ್ವಲ್ಪ ಹೊತ್ತು ಕಾಯಿತು, ಮತ್ತೊಮ್ಮೆ ಹೊಡೆದು ಹೊರಟುಹೋಯಿತು. ಪುಟ್ಟತ್ತೆ ತಲೆ ಎತ್ತಲಿಲ್ಲ. ಅತ್ತೆ ಪೆಟ್ಟಿಗೆಯನ್ನು ಒಳಗೆ ಒಯ್ದು, ಅದರಿಂದ ಒಣಗಿದ ಸೀರೆಯೊಂದನ್ನು ತೆಗೆದು ತಂದು ಅವರ ಪಕ್ಕದಲ್ಲಿಟ್ಟರು. ಪುಟ್ಟತ್ತೆ ಅದನ್ನು ಮುಟ್ಟಲೂ ಇಲ್ಲ, ಆ ಒದ್ದೆ ಸೀರೆಯಲ್ಲೇ ಮಧ್ಯಾಹ್ನದವರೆಗೂ ಕೂತಿದ್ದರು.